ಭಾನುವಾರ ಹೋಗಿ ಬರುವಷ್ಟು ದೂರದ ಪಿಎಚ್.ಡಿ.

ಪ್ರಶ್ನೆ: ನನಗೆ 43 ವರ್ಷ. ಪಾಂಡವಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಮನೆ ಮೈಸೂರಿನಲ್ಲಿ. ಎಂ.ಎ. ಭೂಗೋಳದಲ್ಲಿ ಶೇ 58 ಇದೆ. ‘ಮಂಡ್ಯ ಜಿಲ್ಲೆಯ ಕೆರೆಗಳ ಐತಿಹಾಸಿಕ ಭೂಗೋಳ’ ಎಂಬ ವಿಷಯದ ಮೇಲೆ ಪಾರ್ಟ್‌ಟೈಮ್ ಪಿಎಚ್.ಡಿ. ಮಾಡುವ ಆಸೆ. ಕೆಲಸ ಬಿಡುವ ಹಾಗಿಲ್ಲ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಮನೆಯಲ್ಲಿ ‘ಈಗ ಇದೆಲ್ಲ ಯಾಕೆ’ ಅನ್ನುತ್ತಾರೆ. ನಿಯಮ ಏನು, ಎಲ್ಲಿಂದ ಶುರು ಮಾಡಲಿ, ನನ್ನಿಂದ ಮುಗಿಸಲು ಆಗುತ್ತದಾ?

ಉತ್ತರ: ಆಗುತ್ತದೆ ಮೇಡಂ. ಆದರೆ ನೀವು ಬರೆದಿರುವ ವಿಷಯ ಇಟ್ಟುಕೊಂಡರೆ ಆಗುವುದಿಲ್ಲ. ನಿಯಮ, ಎನ್‌ಒಸಿ (ಇಲಾಖೆ ಕೊಡುವ ನಿರಾಕ್ಷೇಪಣಾ ಪತ್ರ), ಗೈಡು ಎಲ್ಲಕ್ಕೂ ಬರುತ್ತೇನೆ. ಮೊದಲು ವಿಷಯದ ಮಾತು ಆಡೋಣ. ಪಾರ್ಟ್‌ಟೈಮ್ ಸೇರಿ ಅರ್ಧಕ್ಕೆ ಬಿಟ್ಟವರಲ್ಲಿ ನಾನು ಕಂಡ ಹೆಚ್ಚಿನವರು ಎಡವಿದ್ದು ಅಲ್ಲೇ.

ಮಂಡ್ಯ ಜಿಲ್ಲೆ ಅಂದಿರಿ. ಈ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ. ಅದಕ್ಕೂ ಹಿಂದಿನ ಕಡತಗಳಲ್ಲಿ ನಿಮ್ಮ ಕೆರೆಗಳು ಬಹುಪಾಲು ಮೈಸೂರು ಜಿಲ್ಲೆಯಲ್ಲಿವೆ. ಇನ್ನೂ ಹಿಂದಕ್ಕೆ, 1860–70ರ ದಶಕಕ್ಕೆ ಹೋದರೆ ‘ಅಷ್ಟಗ್ರಾಮ ವಿಭಾಗ’ ಅನ್ನುವ ಹೆಸರು ಎದುರಾಗುತ್ತದೆ. ನೀವು ಪಾಠ ಮಾಡುವ ಪಾಂಡವಪುರ ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ‘ಫ್ರೆಂಚ್ ರಾಕ್ಸ್’. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರು, ಹೆಸರು ಅಂಟಿಕೊಂಡಿತು. ಜನರ ಬಾಯಲ್ಲಿ ಅದು ಹಿರೋಡೆ. ಕೆ.ಆರ್. ಪೇಟೆ ಆಗ ಅತ್ತಿಗುಪ್ಪೆ. ನಾವು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅನ್ನುವುದು ಆಗ ವೈಸರಾಯ್ ಹೆಸರಿನ ಇರ್ವಿನ್ ನಾಲೆ. ಪತ್ರಾಗಾರಕ್ಕೆ ಹೋಗಿ ‘ಪಾಂಡವಪುರದ ಕೆರೆ ಕಡತ ಕೊಡಿ’ ಅಂತ ಕೇಳಿದರೆ ಇಲ್ಲ ಅಂತಾರೆ. ಇರುತ್ತದೆ, ಬೇರೆ ಹೆಸರಿನಲ್ಲಿ ಇರುತ್ತದೆ. ಹಾಗಾಗಿ ನಿಮ್ಮ ಮೊದಲ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹಳೆಯ ಹೆಸರು, ಹೊಸ ಹೆಸರು ಎರಡು ಸಾಲು ಹಾಕಿಕೊಳ್ಳಿ. ಊರಿನ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಎಷ್ಟು ಥರ ಸಿಗುತ್ತದೋ ಅಷ್ಟೂ ಬರೆದಿಡಿ. ಬ್ರಿಟಿಷ್ ಅಧಿಕಾರಿಗಳು ಕಿವಿಗೆ ಬಿದ್ದ ಹಾಗೆ ಬರೆದವರು.

ಒಂದು ತಾಲ್ಲೂಕಿನಲ್ಲೇ ಇಷ್ಟು ತೊಡಕು ಇರುವಾಗ ಇಡೀ ಜಿಲ್ಲೆ ಹಿಡಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ನಾನೂ ಕಾಲೇಜಿನಲ್ಲಿ ಪಾಠ ಮಾಡಿಕೊಂಡೇ, ನಲವತ್ತು ದಾಟಿದ ಮೇಲೆ ಸೇರಿದವನು. ಇಡೀ ತಾಲ್ಲೂಕು ಹಿಡಿದಿದ್ದೆ. ಎರಡು ವರ್ಷ ಕಳೆದ ಮೇಲೆ ಕೈಯಲ್ಲಿ ಇದ್ದದ್ದು ಒಂದು ರಾಶಿ ಜೆರಾಕ್ಸ್, ಒಂದೂ ಮುಗಿದ ಅಧ್ಯಾಯ ಇಲ್ಲ. ನನ್ನ ಗೈಡು ಬೈಯಲಿಲ್ಲ. ‘ನೋಡಯ್ಯ, ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ರಾತ್ರಿ ಊಟಕ್ಕೆ ಮನೆಗೆ ಬರೋ ಅಷ್ಟು ಜಾಗ ಇಟ್ಕೊ, ಮಿಕ್ಕಿದ್ದು ಬೇರೆಯವರಿಗೆ ಬಿಡು’ ಅಂದರು. ಹದಿನಾಲ್ಕು ಊರಿಗೆ ಇಳಿಸಿದೆ. ಆಮೇಲೆ ಕೆಲಸ ಓಡಿತು.

ನಿಮಗೆ ಹೇಳುವುದೂ ಅದನ್ನೇ. ಜಾಗ ಚಿಕ್ಕದಾಗಲಿ, ಪ್ರಶ್ನೆ ದೊಡ್ಡದಿರಲಿ. ನಿಮ್ಮ ಕಡೆಗೆ ಒಪ್ಪುವ ಒಂದು ಪ್ರಶ್ನೆ ನನಗೆ ಹೊಳೆಯುತ್ತದೆ: ನಾಲೆ ಬಂದ ಮೇಲೆ ಕೆರೆ ಏನಾಯಿತು? ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರು. 1930ರ ದಶಕದಲ್ಲಿ ನಾಲೆಯ ನೀರು ಹರಿದು ಮಂಡ್ಯದ ಚಹರೆಯೇ ಬದಲಾಯಿತು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ರಾಗಿ ಹೊಲ ಕಬ್ಬಿನ ಗದ್ದೆಯಾಯಿತು. ಜೊತೆಗೆ ಮಲೇರಿಯಾವೂ ಬಂತು, ಅದನ್ನು ಮರೆಯುವ ಹಾಗಿಲ್ಲ. ಪಾಂಡವಪುರ ತಾಲ್ಲೂಕಿನ ಸೊಗಸು ಏನಂದರೆ ಒಂದು ಭಾಗಕ್ಕೆ ನಾಲೆ ನೀರು ಸಿಕ್ಕಿತು, ಮೇಲುಕೋಟೆ ಕಡೆಯ ಎತ್ತರದ ಊರುಗಳು ಮಳೆಯನ್ನೇ ನೆಚ್ಚಿಕೊಂಡು ಉಳಿದವು. ನಾಲೆಯ ಕೆಳಗಿನ ಐದು ಕೆರೆ, ನಾಲೆಯ ಮೇಲಿನ ಐದು ಕೆರೆ ಆರಿಸಿ. ಎರಡೂ ಕಡೆ ಅಚ್ಚುಕಟ್ಟು (ಕೆರೆ ನೀರು ಉಣ್ಣುವ ಜಮೀನು) ಎಷ್ಟಿತ್ತು, ಏನಾಯಿತು, ಗದ್ದೆಗಳಿಗೆ ನೀರು ಬಿಡುವ ನೀರಗಂಟಿಯ ಕೆಲಸ ಏನಾಯಿತು, ಯಾವ ಕೆರೆ ನಾಲೆ ನೀರಿಗೆ ಬರೀ ತೊಟ್ಟಿಯಾಯಿತು, ಯಾವುದು ಹೂಳು ತುಂಬಿ ದನ ಮೇಯುವ ಬಯಲಾಯಿತು ಅಂತ ಹೋಲಿಸಿ ನೋಡಿ. ಹತ್ತು ಕೆರೆ ಸಾಕು. ನಿಜವಾಗಿಯೂ ಸಾಕು.

ಇದು ಇತಿಹಾಸವಾ, ಭೂಗೋಳವಾ ಅಂತ ಸಂದರ್ಶನದಲ್ಲಿ ಕೇಳೇ ಕೇಳುತ್ತಾರೆ. ಯಾವ ರಾಜ ಯಾವ ವರ್ಷ ಕೆರೆ ಕಟ್ಟಿಸಿದ ಅನ್ನುವಲ್ಲಿಗೆ ನಿಂತರೆ ಇತಿಹಾಸ. ಆ ಕೆರೆಯಿಂದ ಗದ್ದೆ ಎಲ್ಲಿ ಬಂತು, ಊರು ಯಾವ ಕಡೆ ಬೆಳೆಯಿತು, ದಾರಿ ಎಲ್ಲಿ ತಿರುಗಿತು ಅಂತ ನಕ್ಷೆಯ ಮೇಲೆ ತೋರಿಸಿದರೆ ಅದು ಐತಿಹಾಸಿಕ ಭೂಗೋಳ. ಇಂಗ್ಲೆಂಡಿನ ಎಚ್.ಸಿ. ಡಾರ್ಬಿ ಅನ್ನುವವರು 1086ರ ಒಂದು ಕಂದಾಯ ದಫ್ತರವನ್ನೇ ಹಿಡಿದು, ಆಗ ಎಲ್ಲಿ ಕಾಡಿತ್ತು, ಎಲ್ಲಿ ನೇಗಿಲು ಹೆಚ್ಚಿತ್ತು ಅಂತ ನಕ್ಷೆ ಬಿಡಿಸುತ್ತ ಜೀವನ ಸವೆಸಿದರು. ನಮ್ಮಲ್ಲಿ ಶಾಸನ ಇದೆ, ಸರ್ವೆ ಕಾಗದ ಇದೆ, ಕೆರೆ ಏರಿಯ ಮೇಲೆ ಕೂತ ಮುದುಕರು ಇದ್ದಾರೆ. ಡಾರ್ಬಿಗೆ ಮುದುಕರು ಸಿಕ್ಕಿರಲಿಲ್ಲ.

ಆಕರಗಳಲ್ಲಿ ಶಾಸನದಿಂದ ಶುರು ಮಾಡಿ. ಬಿ.ಎಲ್. ರೈಸ್ ಶುರು ಮಾಡಿದ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾವನ್ನು ಮೈಸೂರು ವಿಶ್ವವಿದ್ಯಾಲಯ ಪರಿಷ್ಕರಿಸಿ ಮತ್ತೆ ಪ್ರಕಟಿಸಿದೆ. ಅದರ 6ನೇ ಸಂಪುಟದಲ್ಲಿ ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ ತಾಲ್ಲೂಕುಗಳ ಶಾಸನಗಳಿವೆ. ಸುಮ್ನೆ ರಾಜರ ಬಿರುದು ಓದುತ್ತ ಕೂರಬೇಡಿ. ಕೊನೆಯ ಸಾಲುಗಳಿಗೆ ಹೋಗಿ. ದಾನ ಕೊಟ್ಟ ಭೂಮಿಯ ಎಲ್ಲೆ ಇರುವುದು ಅಲ್ಲಿ. ಮೂಡಲು ಇಂಥ ಹಳ್ಳ, ತೆಂಕಲು ಇಂಥ ಗುಂಡು, ಪಡುವಲು ಆಲದ ಮರ, ಬಡಗಲು ಕೆರೆಯ ಕೋಡಿ. ಆಲದ ಮರ ಈಗ ಇರುವುದಿಲ್ಲ. ಹಳ್ಳ, ಗುಂಡು, ಕೋಡಿ ಬಹಳ ಸಲ ಇರುತ್ತವೆ. ಬಿತ್ತುವಟ್ಟ, ಕಟ್ಟುಕೊಡಗಿ ಅನ್ನುವ ಪದ ಕಂಡರೆ ಅಡಿಗೆರೆ ಹಾಕಿ: ಕೆರೆ ಕಟ್ಟಿದವರಿಗೋ ನೋಡಿಕೊಂಡವರಿಗೋ ಬಿಟ್ಟುಕೊಟ್ಟ ಜಮೀನು ಅದು.

ಒಂದು ಸಲ ಹೀಗೇ ಒಂದು ಶಾಸನದ ಪ್ರತಿ ಕೈಯಲ್ಲಿ ಹಿಡಿದು ಏರಿಯ ಮೇಲೆ ನಿಂತಿದ್ದೆ. ಎಂಬತ್ತು ಮುಟ್ಟಿದ್ದ ನೀರಗಂಟಿಯೊಬ್ಬರು ಬೀಡಿ ಹಚ್ಚುತ್ತ ‘ಏನ್ ಹುಡುಕ್ತಿದೀರ ಸ್ವಾಮಿ’ ಅಂದರು. ಶಾಸನದಲ್ಲಿ ಎಲ್ಲೆಗೆ ಒಂದು ‘ಮುದ್ರೆಗಲ್ಲು’ ಇದೆ ಅಂದೆ. ಅವರು ಯೋಚನೆಯನ್ನೇ ಮಾಡಲಿಲ್ಲ. ಕಬ್ಬಿನ ಗದ್ದೆ ಒಳಗೆ ಕರೆದುಕೊಂಡು ಹೋಗಿ ರವದಿ ಸರಿಸಿ ತೋರಿಸಿದರು. ಮೊಣಕಾಲೆತ್ತರದ ಕಲ್ಲು, ಮೇಲೆ ಕೊಡೆ ಹಿಡಿದ ಕುಳ್ಳ ವಾಮನ. ವೈಷ್ಣವ ದಾನದ ಎಲ್ಲೆಗೆ ನೆಡುತ್ತಿದ್ದ ವಾಮನಮುದ್ರೆ ಕಲ್ಲು. ಪಕ್ಕದಲ್ಲೇ ಸರ್ವೆಯವರು ನೆಟ್ಟ ಕಲ್ಲೂ ಇತ್ತು, ಎರಡಕ್ಕೂ ನಡುವೆ ನಾಲ್ಕು ಹೆಜ್ಜೆ. ಅಂದರೆ ನೂರಾರು ವರ್ಷದ ಹಿಂದಿನ ಗಡಿಯನ್ನೇ ಸರ್ವೆ ಸಂಖ್ಯೆ ಹಿಡಿದುಕೊಂಡಿತ್ತು. ನನ್ನ ಪ್ರಬಂಧದಲ್ಲಿ ಎರಡು ಪುಟ ಆಗಿದ್ದು ಆ ನಾಲ್ಕು ಹೆಜ್ಜೆ.

ಇನ್ನು ಸರ್ವೆ ಕಾಗದ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ 1863ರಲ್ಲಿ ಶುರುವಾಯಿತು. ಗ್ರಾಮ ನಕ್ಷೆ, ಟಿಪ್ಪಣಿ (ಒಂದೊಂದು ಸರ್ವೆ ನಂಬರಿನ ಅಳತೆಯ ಚಿತ್ರ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಇವು ಮೂರು ನಿಮ್ಮ ಅನ್ನ, ಸಾರು, ಪಲ್ಯ. ನಕ್ಷೆಯಲ್ಲಿ ಕೆರೆಯ ಅಂಗಳ, ಏರಿ, ಕಾಲುವೆ ಕಾಣುತ್ತದೆ. ಆಕಾರ್‌ಬಂದಿನಲ್ಲಿ ತರಿ (ನೀರಾವರಿ) ಎಷ್ಟು, ಖುಷ್ಕಿ (ಮಳೆಯಾಶ್ರಿತ) ಎಷ್ಟು, ಖರಾಬು (ಬೇಸಾಯಕ್ಕೆ ಬಾರದ್ದು) ಎಷ್ಟು ಅಂತ ಎಕರೆ ಗುಂಟೆ ಸಮೇತ ಸಿಗುತ್ತದೆ. ನಕ್ಷೆ ನೋಡುವಾಗ ‘ಬೇಚರಾಕ್’ ಅಂತ ಬರೆದ ಊರು ಕಂಡರೆ ನಿಲ್ಲಿ. ಪರ್ಷಿಯನ್ ಮಾತು, ದೀಪವಿಲ್ಲದ ಊರು ಅಂತ ಅರ್ಥ. ಜನ ಬಿಟ್ಟುಹೋದ ಊರು. ಹೊಲಕ್ಕೆ ಸರ್ವೆ ನಂಬರಿದೆ, ಮನೆ ಒಂದೂ ಇಲ್ಲ. ಯುದ್ಧವೋ, ರೋಗವೋ, 1876–78ರ ಬರವೋ? ಆ ಬರದ ಹೊಡೆತ ಎಷ್ಟಿತ್ತು ಅಂದರೆ, 1871ರ ಜನಗಣತಿಯಲ್ಲಿ 50 ಲಕ್ಷ ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆದರೆ ಬೇಚರಾಕ್ ಕಂಡಲ್ಲೆಲ್ಲ ಬರ ಅಂತ ಬರೆದುಬಿಡಬೇಡಿ. ಎಷ್ಟೋ ಊರು ಅದಕ್ಕೂ ಮೊದಲೇ ಖಾಲಿಯಾಗಿದ್ದವು. 1800ರಲ್ಲಿ ಈ ದಾರಿಯಲ್ಲೇ ಓಡಾಡಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ಬರಹದಲ್ಲಿ ಯುದ್ಧದಿಂದ ಪಾಳುಬಿದ್ದ ಊರುಗಳ ಬಗ್ಗೆ ಬರೆದಿದ್ದಾನೆ. ಅವನನ್ನು ಓದಿ, ಆದರೆ ಅವನು ಈಸ್ಟ್ ಇಂಡಿಯಾ ಕಂಪನಿಯ ನೌಕರ ಅನ್ನುವುದನ್ನು ಮನಸ್ಸಲ್ಲಿಟ್ಟು ಓದಿ. ಟಿಪ್ಪು ಕಾಲದ ಬಗ್ಗೆ ಅವನ ತಕ್ಕಡಿ ಒಂದೇ ಕಡೆ ವಾಲುತ್ತದೆ.

ನಕ್ಷೆಯ ವಿಷಯದಲ್ಲಿ ನಾನು ಮಾಡಿದ ಒಂದು ದಡ್ಡತನ ಹೇಳಿಬಿಡುತ್ತೇನೆ. ಗ್ರಾಮ ನಕ್ಷೆಯನ್ನು ಒಂದು ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿದೆ. ಹಾಳೆ ದೊಡ್ಡದು ಅಂತ ಆ ಹುಡುಗ ಸ್ವಲ್ಪ ಕುಗ್ಗಿಸಿ ತೆಗೆದುಕೊಟ್ಟ. ನಾನು ಗಮನಿಸಲಿಲ್ಲ. ಒಂದು ಬೇಸಿಗೆ ರಜೆ ಪೂರ್ತಿ ಅದರ ಮೇಲೆ ಸ್ಕೇಲು ಇಟ್ಟು ಅಳೆದೆ. ಕೊನೆಗೆ ಒಂದು ಏರಿಯನ್ನು ಹೆಜ್ಜೆ ಹಾಕಿ ಅಳೆದಾಗ ನಕ್ಷೆಯ ಲೆಕ್ಕಕ್ಕೂ ನೆಲದ ಲೆಕ್ಕಕ್ಕೂ ಹೊಂದಲೇ ಇಲ್ಲ. ರಜೆ ನೀರಿಗೆ ಹೋಯಿತು. ನೀವು ನಕ್ಷೆಯನ್ನು ಸ್ಕ್ಯಾನ್ ಮಾಡಿಸಿ, ಅಳತೆಪಟ್ಟಿ ಇರುವ ಮೂಲೆ ಕತ್ತರಿಸಿಹೋಗದ ಹಾಗೆ ನೋಡಿಕೊಳ್ಳಿ. ಆಮೇಲೆ ಕ್ಯೂಜಿಐಎಸ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಅದನ್ನು ಇವತ್ತಿನ ನಕ್ಷೆಯ ಮೇಲೆ ಕೂರಿಸಬಹುದು. ಏರಿಯ ಎರಡು ತುದಿ, ದೇವಸ್ಥಾನ, ಮೂರು ಊರಿನ ಗಡಿ ಕೂಡುವ ಕಲ್ಲು, ಇಂಥ ಅಲುಗಾಡದ ಜಾಗ ನಾಲ್ಕಾರು ಹಿಡಿದರೆ ಕೂರುತ್ತದೆ. ಸರ್ವೆ ಆಫ್ ಇಂಡಿಯಾದ ಹಳೆಯ ನಂಬರಿನ ಪ್ರಕಾರ ಮೈಸೂರು, ಮಂಡ್ಯ ಎರಡೂ 57ಡಿ ಸ್ಥಳಾಕೃತಿ ನಕ್ಷೆಯ ಹಾಳೆಗಳಲ್ಲಿ ಬರುತ್ತವೆ. ಗದ್ದೆಯಲ್ಲಿ ನಿಂತು ಇದು ಯಾವ ಸರ್ವೆ ನಂಬರು ಅಂತ ನೋಡುವುದಕ್ಕೆ ಫೋನಿನಲ್ಲಿ ದಿಶಾಂಕ್ ಆ್ಯಪ್ ಇದೆ. ನಮ್ಮ ಕಾಲದಲ್ಲಿ ಇದಕ್ಕೆ ಶಾನುಭೋಗರ ಮೊಮ್ಮಕ್ಕಳನ್ನು ಹುಡುಕಿಕೊಂಡು ಅಲೆಯಬೇಕಿತ್ತು.

ಈಗ ನಿಯಮ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮಾವಳಿಯಲ್ಲಿ ಪಾರ್ಟ್‌ಟೈಮ್ ಪಿಎಚ್.ಡಿ.ಗೆ ಸ್ಪಷ್ಟವಾಗಿ ಅವಕಾಶ ಇದೆ. ಎಂ.ಎ.ನಲ್ಲಿ ಶೇ 55 ಬೇಕು, ನಿಮಗಿದೆ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷ ಸಿಗಬಹುದು, ಒಟ್ಟು ಹತ್ತು ದಾಟುವ ಹಾಗಿಲ್ಲ. ಹತ್ತು ಇದೆಯಲ್ಲ ಅಂತ ನಿಧಾನ ಮಾಡಬೇಡಿ. ಆರಕ್ಕೆ ಗುರಿ ಇಟ್ಟರೆ ಏಳಕ್ಕೆ ಮುಗಿಯುತ್ತದೆ, ಇದು ನನ್ನ ಅನುಭವದ ಲೆಕ್ಕ.

ಪ್ರವೇಶಕ್ಕೆ ಎರಡು ದಾರಿ. ವಿಶ್ವವಿದ್ಯಾಲಯ ತಾನೇ ಪರೀಕ್ಷೆ ಮಾಡಿದರೆ ಅರ್ಧ ಪ್ರಶ್ನೆ ಸಂಶೋಧನಾ ವಿಧಾನದ ಮೇಲೆ, ಅರ್ಧ ವಿಷಯದ ಮೇಲೆ. ಪರೀಕ್ಷೆಗೆ 70, ಸಂದರ್ಶನಕ್ಕೆ 30. ಇನ್ನೊಂದು ದಾರಿ ನೆಟ್, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ. 2024ರಿಂದ ನೆಟ್‌ನಲ್ಲಿ ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅನ್ನುವ ವರ್ಗವೂ ಇದೆ, ಆ ಅಂಕ ಒಂದು ವರ್ಷ ನಡೆಯುತ್ತದೆ. ಭೂಗೋಳದ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಬರುತ್ತದೆ ಅನ್ನುವುದು ತಲೆಯಲ್ಲಿರಲಿ. ಯಾವ ವರ್ಷ ಯಾವ ದಾರಿ ಅನ್ನುವುದನ್ನು ಮಾನಸಗಂಗೋತ್ರಿಯ (ಮೈಸೂರು ವಿಶ್ವವಿದ್ಯಾಲಯದ) ಅಧಿಸೂಚನೆ ನೋಡಿಯೇ ತಿಳಿಯಬೇಕು. ಪ್ರಬಂಧ ಕನ್ನಡದಲ್ಲಿ ಬರೆಯಬಹುದಾ ಅಂತಲೂ ಆಗಲೇ ವಿಭಾಗದಲ್ಲಿ ಕೇಳಿಬಿಡಿ, ನಡುವೆ ಕೇಳಿದರೆ ತೊಂದರೆ.

ನಿಮಗೆ ನಿಜವಾದ ಅಡ್ಡಿ ಬರುವುದು ಎನ್‌ಒಸಿಯಲ್ಲಿ. ಸುಮ್ನೆ ‘ಅಭ್ಯಂತರವಿಲ್ಲ’ ಅನ್ನುವ ಒಂದು ಸಾಲು ಸಾಲದು. ಮೂರು ಮಾತು ಇರಬೇಕು: ಪಾರ್ಟ್‌ಟೈಮ್ ಓದಲು ಅನುಮತಿ ಇದೆ, ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್ (ಶುರುವಿನ ತರಗತಿ, ಪರೀಕ್ಷೆ) ಮುಗಿಸಲು ಕೆಲಸದಿಂದ ಬಿಡುವು ಕೊಡುತ್ತೇವೆ. ಮೂರನೆಯ ಮಾತಿಗೆ ಕಚೇರಿಗಳು ಕೈ ತಡೆಯುತ್ತವೆ. ಹೆಡ್‌ಮಾಸ್ಟರ ಟೇಬಲ್ಲಿನಿಂದ ಬಿಇಒ ಕಚೇರಿಗೆ, ಅಲ್ಲಿಂದ ಮೇಲಕ್ಕೆ ಕಡತ ಹತ್ತುವಷ್ಟರಲ್ಲಿ ಅರ್ಜಿಯ ಕೊನೆ ದಿನ ದಾಟಿಹೋಗುತ್ತದೆ. ಹಾಗಾಗಿ ಅಧಿಸೂಚನೆಗೆ ಕಾಯಬೇಡಿ, ಯುಜಿಸಿ ನಿಯಮದ ಆ ಪುಟವನ್ನು ಲಗತ್ತಿಸಿ ಈಗಲೇ ಅರ್ಜಿ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನನ್ನ ಪರಿಚಯದ ಒಬ್ಬ ಶಿಕ್ಷಕರು ಅನುಮತಿ ಆಮೇಲೆ ತಗೊಂಡರಾಯಿತು ಅಂತ ಸೇರಿಬಿಟ್ಟರು. ನಾಲ್ಕನೆಯ ವರ್ಷ ಇಲಾಖೆಯಿಂದ ನೋಟಿಸು ಬಂತು. ಡಾಕ್ಟರೇಟ್ ಬಂದರೂ ಸೇವಾ ಪುಸ್ತಕದಲ್ಲಿ ಬರೆಸಲು ಪಟ್ಟ ಪಾಡು ಬೇಡ.

ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅದರಲ್ಲಿ ಶೇ 55 ತೆಗೆಯಬೇಕು. ತರಗತಿಗೆ ಹೋಗಲೇಬೇಕು. ಗಳಿಕೆ ರಜೆಯನ್ನು ಇದಕ್ಕೆ ಉಳಿಸಿಕೊಳ್ಳಿ. ಪ್ರತಿ ಸೆಮಿಸ್ಟರಿಗೊಮ್ಮೆ ಸಲಹಾ ಸಮಿತಿ ಮುಂದೆ ಏನು ಮಾಡಿದಿರಿ ಅಂತ ಹೇಳಬೇಕು. ಇದನ್ನು ಕಾಟ ಅಂದುಕೊಳ್ಳುವವರೇ ಜಾಸ್ತಿ. ಕೆಲಸದಲ್ಲಿರುವವರಿಗೆ ಇದೇ ಕೋಲು, ಇದಿಲ್ಲದಿದ್ದರೆ ನಾವು ಮಲಗಿಬಿಡುತ್ತೇವೆ.

ಗೈಡು ಹುಡುಕುವಾಗ ಒಂದು ಲೆಕ್ಕ ಹಾಕಿ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ನಾಲ್ಕೈದು ವರ್ಷ ಇರುವವರ ಹತ್ತಿರ ಸೇರಿದರೂ ಪಾರ್ಟ್‌ಟೈಮಿನವರಿಗೆ ನಡುವೆ ಗೈಡು ಬದಲಾಗುತ್ತದೆ. ದೊಡ್ಡ ಹೆಸರಿಗಿಂತ, ಕೊಟ್ಟ ಅಧ್ಯಾಯವನ್ನು ಎಷ್ಟು ದಿನದಲ್ಲಿ ಓದಿ ಕೊಡುತ್ತಾರೆ ಅಂತ ಅವರ ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ನಿಮ್ಮ ವಿಷಯಕ್ಕೆ ಭೂಗೋಳ ವಿಭಾಗದ ಗೈಡು ಇರಲಿ, ಪ್ರಾಚೀನ ಇತಿಹಾಸ ವಿಭಾಗದಿಂದ ಸಹ ಮಾರ್ಗದರ್ಶಕರೊಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು, ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಮೊದಲ ಭೇಟಿಗೆ ಬರಿಗೈಲಿ ಹೋಗಬೇಡಿ. ಒಂದು ಕೆರೆಯ ಮೇಲೆ ಐದು ಪುಟ ಬರೆದುಕೊಂಡು ಹೋಗಿ. ಎಷ್ಟು ಜನ ‘ಸಾರ್, ಒಂದು ಟಾಪಿಕ್ ಕೊಡಿ’ ಅಂತ ಬರುತ್ತಾರೆ ಅಂದರೆ, ಐದು ಪುಟ ತಂದವರು ನೆನಪಲ್ಲಿ ಉಳಿದೇ ಉಳಿಯುತ್ತಾರೆ.

ಎರಡೇ ವರ್ಷದಲ್ಲಿ ಡಿಗ್ರಿ, ಮನೆಯಲ್ಲೇ ಕೂತು ಮಾಡಿ ಅನ್ನುವ ಜಾಹೀರಾತುಗಳು ನಿಮ್ಮ ಫೋನಿಗೂ ಬಂದಿರುತ್ತವೆ. ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಪಿಎಚ್.ಡಿ.ಗೆ ಯುಜಿಸಿ ಒಪ್ಪಿಗೆ ಇಲ್ಲ. ಥೀಸಿಸ್ ಬರೆದುಕೊಡುತ್ತೇವೆ ಅನ್ನುವವರ ಬಗ್ಗೆ ನಿಮ್ಮಂಥ ಟೀಚರಿಗೆ ಹೇಳಬೇಕಾಗಿಲ್ಲ.

ಇದರಿಂದ ಏನು ಲಾಭ ಅಂತ ನೀವು ಕೇಳಿಲ್ಲ, ಮನೆಯವರು ಕೇಳುತ್ತಾರೆ. ಹೈಸ್ಕೂಲಿನ ಸಂಬಳದಲ್ಲಿ ದೊಡ್ಡ ವ್ಯತ್ಯಾಸ ನಿರೀಕ್ಷಿಸಬೇಡಿ. ಪಾರ್ಟ್‌ಟೈಮಿನವರಿಗೆ ಫೆಲೋಶಿಪ್ ಸಿಗುವುದೂ ಕಷ್ಟ. ಕಾಲೇಜು ಅಧ್ಯಾಪಕಿ ಆಗುವುದೇ ಆಸೆ ಅಂದರೆ ಮೊದಲು ಕೆ-ಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ) ಬರೆಯಿರಿ, ಅದು ಹತ್ತಿರದ ದಾರಿ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ ಸಾಕು, ಪಿಎಚ್.ಡಿ. ಕಡ್ಡಾಯ ಅಲ್ಲ. ಇಷ್ಟು ತಿಳಿದ ಮೇಲೂ ಆ ಕೆರೆಗಳ ಆಸೆ ಹೋಗದಿದ್ದರೆ ಸೇರಿ. ಮನೆಯವರಿಗೂ ಇದನ್ನು ಮೊದಲೇ ಹೇಳಿಬಿಡಿ. ಪ್ರಮೋಷನ್ ಆಗುತ್ತೆ ಅಂತ ನಂಬಿಸಿ ಸೇರಿದವರಿಗೆ ಐದನೆಯ ವರ್ಷದಲ್ಲಿ ಮನೆ ಒಳಗೇ ವೈವಾ ನಡೆಯುತ್ತದೆ.

ಮಗಳ ಎಸ್ಸೆಸ್ಸೆಲ್ಸಿ ವರ್ಷ ಸೇರಬೇಡಿ. ಈ ವರ್ಷ ಎನ್‌ಒಸಿ ಓಡಿಸಿ, ಪರೀಕ್ಷೆಗೆ ಓದಿ, ಪಿಎಚ್.ಡಿ. ಪ್ರಬಂಧಗಳ ಜಾಲತಾಣ ಶೋಧಗಂಗಾದಲ್ಲಿ ನಮ್ಮ ಕಡೆಯ ಕೆರೆಗಳ ಮೇಲೆ ಆಗಲೇ ಬಂದಿರುವ ಪ್ರಬಂಧಗಳನ್ನು ನೋಡಿ. ಸೇರಿದ ಮೇಲೆ ವಾರಕ್ಕೆ ಎರಡು ಸಂಜೆ, ಒಂದು ಭಾನುವಾರ. ಹೊಲ ಸುತ್ತುವ ಕೆಲಸ ಸುಗ್ಗಿ ಮುಗಿದ ಮೇಲೆ, ಫೆಬ್ರವರಿ ಮಾರ್ಚಿನಲ್ಲಿ ಇಟ್ಟುಕೊಳ್ಳಿ. ನೀರು ಇಳಿದಿರುತ್ತದೆ, ತೂಬು ಕಾಣುತ್ತದೆ. ಆ ತಿಂಗಳಲ್ಲೇ ನಿಮಗೆ ಪರೀಕ್ಷೆ ಡ್ಯೂಟಿ ಇರುತ್ತದೆ, ಗೊತ್ತು. ಅದಕ್ಕೇ ಹತ್ತೇ ಕೆರೆ ಅಂದೆ. ನಿಮ್ಮ ಶಾಲೆಯ ಮಕ್ಕಳು ಅದೇ ಊರಿನವರು ಅಲ್ವಾ? ಗದ್ದೆಗಳ ಹೆಸರು ಅಜ್ಜಿ ತಾತಂದಿರನ್ನು ಕೇಳಿ ಬರೆದು ತನ್ನಿ ಅಂತ ಹೇಳಿ ನೋಡಿ. ಯಾವ ಪತ್ರಾಗಾರದಲ್ಲೂ ಸಿಗದ್ದು ಸೋಮವಾರ ಬೆಳಿಗ್ಗೆ ನಿಮ್ಮ ಟೇಬಲ್ ಮೇಲೆ ಇರುತ್ತದೆ. ಬಳಸಿಕೊಂಡಾಗ ಮಕ್ಕಳ ಹೆಸರು ಕೃತಜ್ಞತೆಯ ಪುಟದಲ್ಲಿ ಹಾಕಿ.

ಈ ವಾರದ ಕೆಲಸ ಇಷ್ಟೇ. ನಿಮ್ಮ ಶಾಲೆ ಇರುವ ಊರಿನ ಗ್ರಾಮ ನಕ್ಷೆಗೆ ತಾಲ್ಲೂಕು ಕಚೇರಿಯ ಸರ್ವೆ ಶಾಖೆಯಲ್ಲಿ ಅರ್ಜಿ ಹಾಕಿ. ಅರ್ಜಿಯಲ್ಲಿ ‘ಗ್ರಾಮ ನಕ್ಷೆ’ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ, ಇಲ್ಲದಿದ್ದರೆ ಪಹಣಿ ಕೊಟ್ಟು ಕಳಿಸಿಬಿಡುತ್ತಾರೆ.